ಐವತ್ತು ದಿನವಾದರೂ ಆಗಲಿ, ದಿನ ಮಾತ್ರ ತಪ್ಪಬಾರದು

ಆರ್ಡರ್ ಹಾಕಿದ ಸರಕು ಪ್ರತಿ ಸಲವೂ ಸರಿಯಾಗಿ 50ನೇ ದಿನ ಬರುವುದಾದರೆ ಗೋದಾಮಿನವರಿಗೆ ತಲೆನೋವೇನೂ ಇಲ್ಲ. ‘25 ದಿನ’ ಎಂದು ಹೇಳಿ ಒಮ್ಮೆ 19ಕ್ಕೆ, ಇನ್ನೊಮ್ಮೆ 33ಕ್ಕೆ ಬರುವ ಸರಕೇ ಕಾಟ ಕೊಡುವುದು.

ಲೆಕ್ಕ ಹಾಕಿಯೇ ನೋಡಿ. ದಿನಕ್ಕೆ ಸರಾಸರಿ 40 ಬೇರಿಂಗ್ ಖರ್ಚು, ಅದರ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಆಚೀಚೆ ಆಗುವ ಏರಿಳಿತದ ಅಳತೆ) 10. ಲೀಡ್ ಟೈಮ್, ಅಂದರೆ ಆರ್ಡರ್ ಹಾಕಿದ ದಿನದಿಂದ ಸರಕು ಕೈಸೇರುವವರೆಗಿನ ಕಾಲ, ಪಕ್ಕಾ 25 ದಿನ. ನೂರು ಆರ್ಡರ್‌ಗಳಲ್ಲಿ 95 ಸಲವಾದರೂ ಸ್ಟಾಕ್ ಖಾಲಿಯಾಗಬಾರದು ಎಂದರೆ 1.65 × 10 × √25 (1.65 ಎಂಬುದು ಆ 95ರ ಭರವಸೆಗೆ ಹಿಡಿಯುವ ಗುಣಕ), ಅಂದರೆ ಸುಮಾರು 83 ಬೇರಿಂಗ್ ಸೇಫ್ಟಿ ಸ್ಟಾಕ್ (ಏರುಪೇರಿಗೆಂದು ಇಡುವ ಹೆಚ್ಚುವರಿ ದಾಸ್ತಾನು) ಸಾಕು. ಲೀಡ್ ಟೈಮ್ 50 ದಿನಕ್ಕೆ ಹಿಗ್ಗಿದರೂ ಅದು 117ಕ್ಕೆ ನಿಲ್ಲುತ್ತದೆ. ಈಗ ಮತ್ತೆ 25 ದಿನಕ್ಕೇ ಬನ್ನಿ, ಆದರೆ ಲೀಡ್ ಟೈಮಿಗೇ 6 ದಿನದ ಡೀವಿಯೇಶನ್ ಇದೆ ಎನ್ನಿ. ಖರ್ಚಿನ ಏರಿಳಿತದ 25 × 10² ಜೊತೆಗೆ ದಿನಗಳ ಏರಿಳಿತದ 40² × 6² ಕೂಡಿಸಿದರೆ 60,100. ಅದರ ವರ್ಗಮೂಲ 245. ಅದನ್ನು 1.65ರಿಂದ ಗುಣಿಸಿದರೆ ಸುಮಾರು 405! ಲೀಡ್ ಟೈಮ್ ಉದ್ದವಾದರೆ ಅದು ಕೇಳುವುದು 34 ಹೆಚ್ಚುವರಿ ಬೇರಿಂಗ್, ಅನಿಶ್ಚಿತತೆ ಕೇಳುವುದು 300ಕ್ಕೂ ಮೇಲೆ.

ಆದರೆ ಹೆಚ್ಚಿನ ಇಆರ್‌ಪಿಗಳಲ್ಲಿ (ಕಂಪನಿಯ ಖರೀದಿ, ದಾಸ್ತಾನು, ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್) ಲೀಡ್ ಟೈಮಿಗೆ ಇರುವುದು ಒಂದೇ ಖಾನೆ. ಪೂರೈಕೆದಾರರನ್ನು ಸೇರಿಸಿದ ದಿನ ಯಾರೋ ತುಂಬಿದ ಅಂಕಿ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಅದನ್ನು ನಂಬಬೇಡಿ. ಕಳೆದ 12 ಆರ್ಡರ್‌ಗಳ ಪಿಒ (ಖರೀದಿ ಆದೇಶ) ದಿನಾಂಕ, ಜಿಆರ್‌ಎನ್ (ಸರಕು ಬಂದ ರಸೀದಿ) ದಿನಾಂಕ ತೆಗೆದು, ನಡುವಿನ ದಿನಗಳ ಸರಾಸರಿ ಮತ್ತು ಡೀವಿಯೇಶನ್ ಎರಡನ್ನೂ ನೀವೇ ಕಂಡುಹಿಡಿಯಿರಿ. ಇಲ್ಲೂ ಒಂದು ಗುಂಡಿ ಇದೆ: ಗೇಟಿನಲ್ಲಿ ಲಾರಿ ನಿಂತ ಕೂಡಲೇ ಜಿಆರ್‌ಎನ್ ಹಾಕುವ ಕಡೆ, ಸರಕು ಇನ್ನೂ ನಾಲ್ಕು ದಿನ ಕ್ಯೂಸಿಯಲ್ಲಿ (ಗುಣಮಟ್ಟದ ತಪಾಸಣೆ) ಬಿದ್ದಿರಬಹುದು. ಕಪಾಟಿಗೆ ಏರಿದ ದಿನವೇ ಲೆಕ್ಕಕ್ಕೆ ಬರಬೇಕು. ಆರ್ಡರ್ ಕಂತುಗಳಲ್ಲಿ ಬಂದಿದ್ದರೆ ಕೊನೆಯ ಕಂತಿನ ದಿನ ಹಿಡಿಯಿರಿ.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ, ಏಷ್ಯಾದಿಂದ ಯುರೋಪಿಗೆ ಹೋಗುವ ಬಹಳಷ್ಟು ಕಂಟೇನರ್ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ದಕ್ಷಿಣದ ಕೇಪ್ ಆಫ್ ಗುಡ್ ಹೋಪ್ ಸುತ್ತಿದವು. ಪ್ರಯಾಣಕ್ಕೆ ಸುಮಾರು 10ರಿಂದ 14 ದಿನ ಹೆಚ್ಚಾಯಿತು. ಕಷ್ಟವಾದದ್ದು ಮೊದಲ ವಾರಗಳಲ್ಲಿ, ಯಾವ ಹಡಗು ಯಾವ ದಾರಿ ಹಿಡಿಯುತ್ತದೆ ಎಂದೇ ತಿಳಿಯದಿದ್ದಾಗ. ವೇಳಾಪಟ್ಟಿ ಹೊಸ ದಾರಿಗೆ ಹೊಂದಿಕೊಂಡ ಮೇಲೆ ಆ ದಿನಗಳನ್ನು ಪ್ಲಾನಿಂಗ್‌ನಲ್ಲಿ ಸೇರಿಸಿಕೊಳ್ಳಬಹುದು. ದಾರಿಯಲ್ಲಿ ಸಿಕ್ಕಿಕೊಳ್ಳುವ ಸರಕಿನ ದುಡ್ಡು ಹೆಚ್ಚುತ್ತದೆ, ಅಷ್ಟೇ.

ಸರಕು ತಡವಾದಾಗ ಹೆದರಿ ಎರಡು ಪಟ್ಟು ಆರ್ಡರ್ ಹಾಕುವುದು ಇನ್ನೊಂದು ರೋಗ. ಪೂರೈಕೆದಾರರು ಅದನ್ನೇ ನಿಜವಾದ ಬೇಡಿಕೆ ಎಂದು ತಿಳಿದು, ಕಚ್ಚಾ ಮಾಲನ್ನು ಇನ್ನೂ ಹೆಚ್ಚು ತರಿಸುತ್ತಾರೆ. ಆರು ತಿಂಗಳಿಗೆ ಎಲ್ಲರ ಗೋದಾಮೂ ತುಂಬಿ, ಆರ್ಡರ್‌ಗಳು ರದ್ದಾಗತೊಡಗುತ್ತವೆ.

ಈಗ ಎಲ್ಲರ ಬಾಯಲ್ಲೂ ‘ಇಬ್ಬರು ಪೂರೈಕೆದಾರರು’ ಎಂಬ ಮಂತ್ರ. ಒಳ್ಳೆಯದೇ, ಆದರೆ ಅವರ ಹಿಂದೆ ಯಾರಿದ್ದಾರೆ ಎಂದೂ ಕೇಳಬೇಕು. 2011ರ ಜಪಾನ್ ಭೂಕಂಪದಲ್ಲಿ ರೆನೆಸಾಸ್‌ನ ನಾಕಾ ಚಿಪ್ ಕಾರ್ಖಾನೆ ನಿಂತಾಗ ಕಾರು ಕಂಪನಿಗಳಿಗೆ ಇದು ಅರಿವಾಯಿತು: ಬೇರೆ ಬೇರೆ ಬಿಡಿಭಾಗ ತಯಾರಕರು ಹಿಂದೆ ಹೋಗಿ ನಿಂತದ್ದು ಒಂದೇ ಬಾಗಿಲಲ್ಲಿ. ಎರಡನೆಯವರಿಗೆ ಕಾಗದದಲ್ಲಿ ಮಾತ್ರ ಅನುಮೋದನೆ ಕೊಟ್ಟಿಟ್ಟರೂ ಸಾಲದು. ತಿಂಗಳು ತಿಂಗಳು 20–30 ಶೇಕಡಾ ಆರ್ಡರ್ ಹೋಗುತ್ತಿರಬೇಕು, ಇಲ್ಲವಾದರೆ ಸರಕು ಬೇಕಾದ ದಿನ ಅವರ ಡೈ (ಬಿಡಿಭಾಗದ ಅಚ್ಚು) ತುಕ್ಕು ಹಿಡಿದಿರುತ್ತದೆ, ಮೆಷಿನ್ ಮೇಲೆ ಬೇರೆಯವರ ಕೆಲಸ ಓಡುತ್ತಿರುತ್ತದೆ.