ಕಬಿನಿ ಹಿನ್ನೀರಿನ ಎಳೆಯ ರಣಹದ್ದು

ಸೀಳುನಾಯಿಗಳು ಹಿಂದಿನ ಸಂಜೆ ಹಿನ್ನೀರಿನ ಅಂಚಿನಲ್ಲಿ ಕಡವೆಯೊಂದನ್ನು ಕೆಡವಿವೆ ಎಂದು ಸಫಾರಿ ಜೀಪಿನ ಚಾಲಕರು ಹೇಳಿದಾಗ, ಆ ಬೆಳಗನ್ನೆಲ್ಲ ಅಲ್ಲಿಯೇ ಕಳೆಯೋಣವೆಂದು ನಾನು ಕೇಳಿಕೊಂಡೆ. ಕಬಿನಿಗೆ ಬರುವವರಲ್ಲಿ ಹೆಚ್ಚಿನವರು ಹುಲಿಗಾಗಿ ಬರುತ್ತಾರೆ. ಆದರೂ ಜೊತೆಯಲ್ಲಿದ್ದವರು ಬೇಸರಿಸದೆ ಒಪ್ಪಿಕೊಂಡದ್ದು ನನ್ನ ಪುಣ್ಯ.

ನಾವು ತಲುಪಿದಾಗ ರಣಹದ್ದುಗಳು ಆಗಲೇ ಬಂದಿದ್ದವು, ಆದರೆ ಕಳೇಬರದ ಬಳಿ ಒಂದೂ ಇರಲಿಲ್ಲ. ಅಣೆಕಟ್ಟೆಯ ನೀರಿನಲ್ಲಿ ಮುಳುಗಿ ಸತ್ತು ನಿಂತಿರುವ ಮರಗಳ ಮೇಲೆ ಅವು ಕುತ್ತಿಗೆ ಒಳಗೆಳೆದುಕೊಂಡು ಕುಳಿತಿದ್ದವು. ರೆಕ್ಕೆ ಬಡಿದು ಹಾರುವುದು ಇಷ್ಟು ಭಾರದ ಹಕ್ಕಿಗೆ ದುಬಾರಿ. ನೆಲ ಕಾದು ಬಿಸಿಗಾಳಿ ಮೇಲೇಳತೊಡಗಿದ ಮೇಲೆಯೇ ಅದು ಸಲೀಸಾಗಿ ತೇಲಬಲ್ಲದು. ಬಿಸಿಲು ಮರದ ತುದಿಗೆ ತಾಗಿದಾಗ ಒಂದು ಹಕ್ಕಿ ಎರಡೂ ರೆಕ್ಕೆಗಳನ್ನು ಪೂರ್ತಿ ಹರಡಿ, ಬೆನ್ನನ್ನು ಸೂರ್ಯನಿಗೆ ಒಡ್ಡಿ ಬಹಳ ಹೊತ್ತು ನಿಂತಿತು. ಬೆನ್ನಿನ ಕೆಳಭಾಗದ ಬಿಳಿ ಪಟ್ಟೆ ಆಗ ಸ್ಪಷ್ಟವಾಗಿ ಕಂಡಿತು: ಬಿಳಿಬೆನ್ನಿನ ರಣಹದ್ದು.

ಮೊದಲನೆಯದು ಕಾಲುಗಳನ್ನು ಇಳಿಬಿಟ್ಟು ನೆಲಕ್ಕಿಳಿದದ್ದೇ ತಡ, ಉಳಿದವು ಒಂದರ ಹಿಂದೊಂದು ಇಳಿದವು. ಕಪ್ಪು ಮೈ, ಬಿಳಿ ಕುತ್ತಿಗೆಪಟ್ಟಿ, ಎದುರಿಗೆ ಹೊಳೆಯುವ ನೀರು. ಇವು ಮೂರೂ ಒಂದೇ ಚೌಕಟ್ಟಿನಲ್ಲಿ ಬಂದರೆ ಕ್ಯಾಮೆರಾ ತಾನಾಗಿ ಸರಿಯಾದ ಬೆಳಕನ್ನು ಆರಿಸುವುದಿಲ್ಲ. ಗರಿಯ ಬಿಳುಪು ಸುಟ್ಟುಹೋಗದಂತೆ ನಾನು ಎಕ್ಸ್‌ಪೋಷರನ್ನು ಸ್ವಲ್ಪ ಇಳಿಸಿಕೊಂಡೆ. ಮುಖದ ವಿವರಗಳನ್ನು ಆಮೇಲೆ ಹಿಗ್ಗಿಸಿ ನೋಡಿದಾಗ, ಹೊಟ್ಟೆಯೊಳಗೆ ತಲೆ ತೂರಿಸಿ ಹೊರತೆಗೆದ ಬೋಳು ಕುತ್ತಿಗೆಯ ಮೇಲೆ ರಕ್ತ ಅಂಟಿ ನಿಲ್ಲದಿರುವುದೂ, ಕತ್ತಿನ ಬುಡದಲ್ಲಿ ಆಹಾರದ ಚೀಲ ಉಬ್ಬುತ್ತ ಹೋಗುವುದೂ ಕಂಡವು. ಇದನ್ನು ಅಸಹ್ಯವೆನ್ನುವವರಿಗೆ ನಾನು ಈ ಚಿತ್ರಗಳನ್ನೇ ತೋರಿಸುತ್ತೇನೆ. ಕಾಡನ್ನು ಇಷ್ಟು ಬೇಗ, ಇಷ್ಟು ಶುಚಿಯಾಗಿ ತೊಳೆಯುವ ಜೀವಿ ಬೇರೊಂದಿಲ್ಲ.

ಕೆಂಪುತಲೆಯ ರಣಹದ್ದುಗಳ ಜೋಡಿಯೊಂದು ಗುಂಪಿನಿಂದ ದೂರದಲ್ಲಿ ನಿಂತಿತ್ತು. ಒಂದರ ಕಣ್ಣು ತಿಳಿಬಣ್ಣ, ಇನ್ನೊಂದರದು ಕಡುಕಪ್ಪು. ತಿಳಿಗಣ್ಣಿನದು ಗಂಡು. ಗದ್ದಲ ತಗ್ಗಿದ ಮೇಲೆ ಅವು ಬಂದು, ಉಳಿದ ಸ್ನಾಯುಗಳನ್ನು ಕೊಕ್ಕಿನಿಂದ ಎಳೆದು ಬಿಡಿಸತೊಡಗಿದವು.

ಆ ಗದ್ದಲದ ಅಂಚಿನಲ್ಲಿ ಒಂದು ಹಕ್ಕಿ ಮಾತ್ರ ಕಂದುಬಣ್ಣದ್ದಾಗಿತ್ತು. ಬೆನ್ನಿನಲ್ಲಿ ಬಿಳಿಯಿಲ್ಲ, ಎದೆಯ ಮೇಲೆ ಸಣ್ಣ ಮಾಸಲು ಗೀರುಗಳು. ಅದು ಎಳೆಯ ಹಕ್ಕಿ. ದೊಡ್ಡವು ಬುಸುಗುಟ್ಟಿ ಓಡಿಸಿದಾಗಲೆಲ್ಲ ಕುಪ್ಪಳಿಸುತ್ತ ಹಿಂದೆ ಸರಿದು ಮತ್ತೆ ಬರುತ್ತಿತ್ತು. ಅಂದಿನಿಂದ ನನ್ನ ಪಾಲಿಗೆ ಮುಖ್ಯವಾದದ್ದು ಅದೇ ಚಿತ್ರ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ನದಿದಂಡೆಯ ಹೊಳೆಮತ್ತಿಯಂಥ ಎತ್ತರದ ಮರದ ಮೇಲೆ ಎಲ್ಲೋ ಒಂದು ಗೂಡು ಕೊನೆಯವರೆಗೂ ಉಳಿದಿದ್ದರಿಂದಲೇ ಈ ಹಕ್ಕಿ ಇಲ್ಲಿತ್ತು.

ಕಾಡಿನ ಕಡವೆಗೆ ಯಾರೂ ನೋವುನಿವಾರಕದ ಚುಚ್ಚುಮದ್ದು ಕೊಡುವುದಿಲ್ಲ. ಬಂಡೀಪುರ, ನಾಗರಹೊಳೆ, ವಯನಾಡು, ಮುದುಮಲೆಗಳಲ್ಲಿ ರಣಹದ್ದುಗಳು ಇನ್ನೂ ಉಳಿದಿರುವುದಕ್ಕೆ ಇದು ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕವು ಕಳೇಬರದ ಮೂಲಕ ಹೊಟ್ಟೆ ಸೇರಿ, ಮೂತ್ರಪಿಂಡಗಳನ್ನು ಕೆಡಿಸಿ ಕೆಲವೇ ದಿನಗಳಲ್ಲಿ ಈ ಹಕ್ಕಿಯನ್ನು ಕೊಲ್ಲುತ್ತದೆ. 1990ರ ದಶಕದ ಆರಂಭದಿಂದ 2007ರ ಹೊತ್ತಿಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಅಳಿದುಹೋದವು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಇಂಥ ಕುಸಿತಕ್ಕೆ ಸಾಕು ಎಂಬುದು ಸಂಶೋಧಕರ ಲೆಕ್ಕ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು; ರಣಹದ್ದಿಗೆ ಅಪಾಯಕಾರಿಯಾದ ಇನ್ನೆರಡು ನೋವುನಿವಾರಕಗಳಾದ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು. ರಣಹದ್ದಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಮ್ ಎಂಬ ನೋವುನಿವಾರಕ ಇರುವಾಗ ಇಷ್ಟು ತಡವಾಗಬಾರದಿತ್ತು.

ಸಫಾರಿಯ ಅವಧಿ ಮುಗಿಯುವವರೆಗೂ ಆ ಕಂದು ಹಕ್ಕಿಯನ್ನೇ ನೋಡುತ್ತಿದ್ದೆ. ಸಂಜೆ ಅದರ ಚಿತ್ರವನ್ನು ದಿನಾಂಕ, ಸ್ಥಳ ಮತ್ತು ‘ಎಳೆಯದು’ ಎಂಬ ಟಿಪ್ಪಣಿಯೊಂದಿಗೆ, ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದೆ. ಅದು ಸಂತಾನಕ್ಕೆ ಸಿದ್ಧವಾಗಲು ಇನ್ನೂ ಕೆಲವು ವರ್ಷಗಳು ಬೇಕು. ಅಲ್ಲಿಯವರೆಗೆ ಅದು ಕಾಡಿನ ಗಡಿ ದಾಟಿ ಹತ್ತಾರು ಕಿಲೋಮೀಟರ್ ದೂರದ ಊರುಗಳ ಮೇಲೂ ಆಹಾರ ಅರಸಿ ಹಾರುತ್ತದೆ. ಅಲ್ಲಿ ಸತ್ತ ಹಸುವಿಗೆ ಯಾವ ಮದ್ದು ಕೊಟ್ಟಿದ್ದರೆಂಬುದರ ಮೇಲೆ ಅದರ ಬದುಕು ನಿಂತಿದೆ.