ಕೌನ್ಸಿಲ್ ಮನೆಗಳ ಹೊಣೆ ಯಾರದು?

ಇಂಗ್ಲೆಂಡಿನ ಕೌನ್ಸಿಲ್ ಮನೆಗಳ, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗಳಾದ ಕೌನ್ಸಿಲ್‌ಗಳು ಬಾಡಿಗೆಗೆ ಕೊಡುವ ಮನೆಗಳ, ದುಸ್ಥಿತಿಯ ಮಾತು ಬಂದಾಗಲೆಲ್ಲ ಕೌನ್ಸಿಲ್‌ಗಳ ಚುನಾಯಿತ ಸದಸ್ಯರು ಸರ್ಕಾರದತ್ತ, ಸರ್ಕಾರ ಕೌನ್ಸಿಲ್‌ಗಳತ್ತ ಬೆರಳು ತೋರಿಸುವುದು ವಾಡಿಕೆಯಾಗಿದೆ. ಇಬ್ಬರ ಮಾತಿನಲ್ಲೂ ಹುರುಳಿರುವುದೇ ತೊಡಕು. 1980ರ ವಸತಿ ಕಾಯ್ದೆಯು ಬಾಡಿಗೆದಾರರಿಗೆ ತಾವಿರುವ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ನೀಡಿತು. ಆದರೆ ಮಾರಾಟದ ಹಣದಿಂದ ಹೊಸ ಮನೆ ಕಟ್ಟುವುದಕ್ಕೆ ಸರ್ಕಾರವೇ ಕಡಿವಾಣ ಹಾಕಿದ್ದರಿಂದ, ಕೈಬಿಟ್ಟಷ್ಟು ಮನೆಗಳು ಮತ್ತೆ ಎದ್ದು ನಿಲ್ಲಲಿಲ್ಲ. 2016ರಿಂದ ನಾಲ್ಕು ವರ್ಷ ಬಾಡಿಗೆಯನ್ನು ವರ್ಷಕ್ಕೆ ಶೇ. 1ರಷ್ಟು ಇಳಿಸುವಂತೆ ವಿಧಿಸಿದ್ದೂ ಸರ್ಕಾರವೇ. ಬಾಡಿಗೆದಾರರಿಗೆ ಅದು ಹಿತವಾಗಿತ್ತೆನ್ನಿ, ಆದರೆ ದುರಸ್ತಿಯ ಹಣ ಬಹುಪಾಲು ಬರುವುದು ಆ ಬಾಡಿಗೆಯಿಂದಲೇ.

ಹಾಗೆಂದು ಕೌನ್ಸಿಲ್‌ಗಳು ನುಣುಚಿಕೊಳ್ಳುವಂತಿಲ್ಲ. ಮಲಗುವ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ ಎಂದು ದೂರಿದವರಿಗೆ ಕಿಟಕಿ ತೆರೆದಿಡಿ ಎಂದು ಹೇಳಿ ಕಡತ ಮುಚ್ಚುವುದಕ್ಕೆ ಹಣದ ಕೊರತೆಯೊಂದೇ ಕಾರಣವಾಗಲಾರದು. 2017ರ ಜೂನ್ 14ರಂದು ಬೆಂಕಿ ಹೊತ್ತಿ 72 ಜನರನ್ನು ಬಲಿ ಪಡೆದ ಲಂಡನ್ನಿನ ಬಹುಮಹಡಿ ವಸತಿ ಕಟ್ಟಡ ಗ್ರೆನ್‌ಫೆಲ್ ಟವರ್‌ನ ಒಡೆತನ ಕೌನ್ಸಿಲ್‌ನದಾಗಿತ್ತು, ನಿರ್ವಹಣೆ ಬೇರೊಂದು ಸಂಸ್ಥೆಯದಾಗಿತ್ತು. ಅಗ್ನಿ ಸುರಕ್ಷತೆಯ ಬಗ್ಗೆ ನಿವಾಸಿಗಳು ಮೊದಲೇ ನೀಡಿದ್ದ ಎಚ್ಚರಿಕೆಗೆ ಕಿವಿಗೊಡುವವರಿರಲಿಲ್ಲ. 2023ರ ಸಾಮಾಜಿಕ ವಸತಿ (ನಿಯಂತ್ರಣ) ಕಾಯ್ದೆಯ ಬಲದಿಂದ, ಇಂಥ ಮನೆಗಳ ಮೇಲೆ ನಿಗಾ ಇಡುವ ನಿಯಂತ್ರಕರು 2024ರ ಏಪ್ರಿಲ್‌ನಿಂದ ದೊಡ್ಡ ಕೌನ್ಸಿಲ್‌ಗಳನ್ನು ನಿಯಮಿತವಾಗಿ ತಪಾಸಣೆ ಮಾಡುತ್ತಿರುವುದು ಒಳ್ಳೆಯದೇ. ಆದರೂ ವಸತಿ ಖಾತೆ ಹೊತ್ತ ಸದಸ್ಯರು ಬಾಕಿ ದುರಸ್ತಿಗಳ ಲೆಕ್ಕವನ್ನು ಬಾಡಿಗೆದಾರರ ಎದುರೇ, ಅಧಿಕಾರಿಗಳನ್ನು ಮುಂದೆ ಮಾಡದೆ, ಖುದ್ದಾಗಿ ಒಪ್ಪಿಸಬೇಕೆಂಬುದು ನನ್ನ ಅಭಿಪ್ರಾಯ.