ಪೆನ್ನಿಯ ಇಸವಿಯನ್ನು ಕೊನೆಗೆ ಓದಿ

ಕಾಸರಗೋಡು ಕಡೆಯ ಹಳೆ ಮನೆಗಳ ಪೆಟ್ಟಿಗೆ ಬಿಚ್ಚಿದರೆ ರಾಣಿ ರೂಪಾಯಿ, ಪಾವಲಿ, ಮುಕ್ಕಾಲುಗಳ ನಡುವೆ ಒಂದೆರಡು ಇಂಗ್ಲೆಂಡಿನ ಪೆನ್ನಿ ಸಿಗುವುದುಂಟು. ನಮ್ಮ ಹಳೆ ಬೆಳ್ಳಿ ರೂಪಾಯಿಯಷ್ಟೇ ಅಗಲದ ಕಂಚಿನ ಬಿಲ್ಲೆ. ಒಂದು ಬದಿಯಲ್ಲಿ ರಾಜ ಅಥವಾ ರಾಣಿಯ ತಲೆ, ಇನ್ನೊಂದು ಬದಿಯಲ್ಲಿ ತ್ರಿಶೂಲ ಹಿಡಿದು ಕುಳಿತ ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಣ್ಣಾಗಿ ಕಲ್ಪಿಸಿದ ರೂಪ. ಕೈಗೆತ್ತಿಕೊಂಡವರು ಮೊದಲು ಓದುವುದು ಇಸವಿ. ಮೋಸ ಮಾಡುವವನು ಕೈ ಹಾಕುವುದೂ ಅಲ್ಲಿಗೇ. ಹಾಗಾಗಿ ಉಳಿದದ್ದನ್ನೆಲ್ಲ ನೋಡಿ ಮುಗಿಸಿ, ಇಸವಿಯನ್ನು ಕೊನೆಗೆ ಓದಬೇಕು.

ಮೊದಲು ತೂಕ. 1860ರಿಂದ ಪೆನ್ನಿಯನ್ನು ಕಂಚಿನಲ್ಲಿ ಹೊಡೆದರು: 9.45 ಗ್ರಾಂ, ಅಡ್ಡಳತೆ 30.8 ಮಿ.ಮೀ. ತುಂಬ ಸವೆದದ್ದು 9 ಗ್ರಾಂ ಹತ್ತಿರಕ್ಕೆ ಇಳಿದಿರಬಹುದು. ಅಕ್ಷರಗಳು ಚೂಪಾಗಿದ್ದೂ 8.5 ಗ್ರಾಂ ತೂಗಿದರೆ ಅದು ಎರಕ ಹೊಯ್ದದ್ದಿರಬಹುದು. ನಾಣ್ಯದ ನೆಲದಲ್ಲಿ, ಅಂದರೆ ಚಿತ್ರ, ಅಕ್ಷರಗಳ ಸುತ್ತಲಿನ ಬಯಲು ಭಾಗದಲ್ಲಿ, ಸೂಜಿಮೊನೆಯಂಥ ರಂಧ್ರಗಳನ್ನು ಹುಡುಕಿ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು, 0.01 ಗ್ರಾಂ ತೋರಿಸುವ ಚಿನ್ನದಂಗಡಿಯ ತಕ್ಕಡಿಯೇ ಬೇಕು. ಅಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೇ ಬಿಡಿ.

ಆಮೇಲೆ ತಲೆಗೂ ಕಾಲಕ್ಕೂ ಹೊಂದುತ್ತದೆಯೇ ನೋಡಿ. ಇದಕ್ಕೆ ಭೂತಗನ್ನಡಿಯೂ ಬೇಡ. 1860ರಿಂದ 1894ರವರೆಗಿನ ಪೆನ್ನಿಯಲ್ಲಿ ಬ್ರಿಟಾನಿಯಾಳ ಒಂದು ಬದಿಗೆ ದೀಪಸ್ತಂಭ, ಇನ್ನೊಂದು ಬದಿಗೆ ಹಡಗು. 1895ರಲ್ಲಿ ಎರಡೂ ಹೋದವು. ದೀಪಸ್ತಂಭ ಮಾತ್ರ 1937ರಲ್ಲಿ ಮರಳಿ ಬಂತು. ಐದನೆಯ ಜಾರ್ಜನ ತಲೆ 1928ರಿಂದ 1936ರವರೆಗೆ ಮೊದಲಿಗಿಂತ ಚಿಕ್ಕದು. ಆರನೆಯ ಜಾರ್ಜನ ನಾಣ್ಯದಲ್ಲಿ ಭಾರತದ ಚಕ್ರವರ್ತಿ ಎಂಬರ್ಥದ ‘ಐಎನ್‌ಡಿ ಐಎಂಪಿ’ ಅಕ್ಷರಗಳು 1948ರವರೆಗೆ ಇದ್ದು 1949ರಿಂದ ಇಲ್ಲ. ನಮಗೆ ಸ್ವಾತಂತ್ರ್ಯ ಬಂದದ್ದು ಅವರ ಕಾಸಿನ ಮೇಲೆ ಹೀಗೆ ಕಾಣುತ್ತದೆ.

ಇಷ್ಟು ಗೊತ್ತಿದ್ದರೆ ಎಷ್ಟೋ ಮೋಸ ನಿಂತಲ್ಲೇ ಬಯಲಾಗುತ್ತದೆ. 1950ರಲ್ಲಿ 2,40,000, 1951ರಲ್ಲಿ 1,20,000 ಪೆನ್ನಿ ಮಾತ್ರ ಹೊಡೆದರು, ಬಹುಪಾಲು ಬರ್ಮುಡಾಕ್ಕೆ ಹೋಯಿತು. ಅದಕ್ಕೇ ಬೆಲೆ. 1940ರ 4ನ್ನು ತಿದ್ದಿ 5 ಮಾಡಿದರೂ ಇನ್ನೊಂದು ಬದಿಯ ‘ಐಎನ್‌ಡಿ ಐಎಂಪಿ’ ಅಲ್ಲೇ ಉಳಿಯುತ್ತದೆ.

1933ರ ಪೆನ್ನಿಯ ಆಸೆ ಎಲ್ಲರಿಗೂ ಇದೆ. ಆ ವರ್ಷ ಬ್ಯಾಂಕುಗಳಲ್ಲಿ ಪೆನ್ನಿ ಸಾಕಷ್ಟಿದ್ದುದರಿಂದ ಚಲಾವಣೆಗೆ ಹೊಡೆಯಲೇ ಇಲ್ಲ. ನಮ್ಮಲ್ಲಿ ಕೆಸರುಕಲ್ಲು ಹಾಕುವಾಗ ನಾಣ್ಯ ಇಡುವಂತೆ ಅಲ್ಲೂ ಕಟ್ಟಡದ ಅಡಿಗಲ್ಲಿಗೆ ಆ ವರ್ಷದ ನಾಣ್ಯ ಇಡುವ ಪದ್ಧತಿ ಇತ್ತು. ಅದಕ್ಕೂ ಸಂಗ್ರಹಾಲಯಗಳಿಗೂ ಎಂದು ಕೆಲವನ್ನಷ್ಟೇ ಹೊಡೆದರು. ಈಗ ಲೆಕ್ಕಕ್ಕೆ ಸಿಗುವುದು ಏಳು ಎಂಬುದೇ ರೂಢಿಯ ಮಾತು. ಲೀಡ್ಸಿನ ಒಂದು ಚರ್ಚಿನ ಅಡಿಗಲ್ಲಿನಿಂದ 1970ರಲ್ಲಿ ಒಂದು ಕಳವಾಯಿತು. ಪೆಟ್ಟಿಗೆಯಲ್ಲಿ 1933 ಎಂದು ಕಂಡರೆ ಅದು ತಿದ್ದಿದ್ದೇ ಎಂದು ಹಿಡಿದುಕೊಂಡು ಪರೀಕ್ಷೆ ಶುರುಮಾಡಿ. 1913ನ್ನು ತಿದ್ದಿದ್ದರೆ ತಲೆ ದೊಡ್ಡದಿರುತ್ತದೆ. ಐದನೆಯ ಜಾರ್ಜನ ತಲೆಯಿದ್ದೂ ದೀಪಸ್ತಂಭ ಕಂಡರೆ ಆ ಬದಿ 1894ರವರೆಗಿನದು ಇಲ್ಲವೆ 1937ರಿಂದೀಚಿನದು. ಎರಡು ನಾಣ್ಯ ಸೀಳಿ ಬೆಸೆದಿದ್ದಾರೆ ಎಂದರ್ಥ. ಬೆರಳ ತುದಿಯಲ್ಲಿ ಹಿಡಿದು ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿ: ಬೆಸೆದದ್ದಕ್ಕೆ ನಾದ ಇರುವುದಿಲ್ಲ, ಅಂಚಿನ ಸುತ್ತ ಕೂದಲೆಳೆಯಂಥ ಗೆರೆ ಇರುತ್ತದೆ. 1935, 1936ರದ್ದನ್ನು ತಿದ್ದಿದ್ದರೆ ಮಾತ್ರ ತಲೆ ಸರಿಯಾಗಿಯೇ ಇರುತ್ತದೆ. ಕಷ್ಟ ಅಲ್ಲಿ.

ಆಗ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ತೆಗೆದುಕೊಳ್ಳಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ನಾಣ್ಯದ ಮಟ್ಟಕ್ಕೆ ಇಳಿಸಿ, ಬೆಳಕು ಬದಿಯಿಂದ ಬೀಳುವಂತೆ ಹಿಡಿದು ನಾಣ್ಯವನ್ನು ನಿಧಾನ ತಿರುಗಿಸಿ. ಮೇಲಿನಿಂದ ಬೆಳಕು ಬಿಟ್ಟರೆ ಎಲ್ಲವೂ ಚಪ್ಪಟೆ, ಏನೂ ಕಾಣದು. ನೆನಪಿಡಬೇಕಾದ ನಿಯಮ ಒಂದೇ: ನಾಣ್ಯ ಒತ್ತುವ ಅಚ್ಚಿನಲ್ಲಿ ಕೊರೆದದ್ದು ನಾಣ್ಯದ ಮೇಲೆ ಉಬ್ಬಾಗಿ ಬರುತ್ತದೆ, ನಾಣ್ಯದ ಮೇಲೆ ಕೊರೆದದ್ದು ತಗ್ಗಾಗಿ ಉಳಿಯುತ್ತದೆ. ಅಂಕಿಯ ಸುತ್ತ ಮಾತ್ರ ತಗ್ಗು ಗೀರುಗಳಿದ್ದರೆ, ನೆಲ ಅಲ್ಲಿ ಮಾತ್ರ ಒಂದಿಷ್ಟು ಕುಳಿಬಿದ್ದಿದ್ದರೆ, ಕಂದು ಬಣ್ಣ ಅಲ್ಲಿ ಮಾತ್ರ ಬೇರೆಯಾಗಿದ್ದರೆ ಅರ ಇಲ್ಲವೆ ಉಳಿ ಓಡಾಡಿದೆ. ಅಂಕಿಯ ಬುಡ ನೆಲದಿಂದ ಮೇಲೆದ್ದು ಬಂದಂತಿರಬೇಕು. ಬುಡದ ಸುತ್ತ ಕಪ್ಪು ಗೆರೆ ಇದ್ದರೆ ಅಂಟಿಸಿದ್ದು. 1933ರಲ್ಲಿ ಎರಡು 3 ಇವೆಯಲ್ಲ, ಒಂದನ್ನು ಇನ್ನೊಂದರ ಪಕ್ಕಕ್ಕಿಟ್ಟು ನೋಡಿದಂತೆ ಹೋಲಿಸಿ: ದಪ್ಪ, ಎತ್ತರ, ತುದಿಯ ಬಾಗು.

ಅದೇ ನಿಯಮ ನಿಜವಾದ ಅಪರೂಪವನ್ನೂ ತೋರಿಸುತ್ತದೆ. 1865ರ ಕೆಲವು ಪೆನ್ನಿಗಳಲ್ಲಿ 5ರ ಅಡಿಯಲ್ಲಿ 3 ಇಣುಕುತ್ತದೆ, 1858ರ ತಾಮ್ರದ ಪೆನ್ನಿಯಲ್ಲಿ 8ರ ಅಡಿಯಲ್ಲಿ 7. ಹಳೆ ಅಚ್ಚಿನ ಮೇಲೇ ಹೊಸ ಅಂಕಿ ಹೊಡೆದದ್ದರಿಂದ ಆದದ್ದು ಅದು. ಅಡಿಯ ಅಂಕಿಯೂ ಉಬ್ಬಾಗಿಯೇ ಇರಬೇಕು, ಉಳಿದ ಅಕ್ಷರಗಳಷ್ಟೇ ಸವೆದಿರಬೇಕು.

ಯಾವ ಟಂಕಸಾಲೆಯದೆಂದು ಹೇಳುವ ಸಣ್ಣ ಅಕ್ಷರಗಳ ವಿಷಯಕ್ಕೂ ಇದು ಅನ್ವಯ. ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯ ‘ಎಚ್’ 1874, 1875, 1876, 1881, 1882ರಲ್ಲಿ ಇಸವಿಯ ಕೆಳಗಿದೆ. 1912, 1918, 1919ರಲ್ಲಿ ಇಸವಿಯ ಎಡಕ್ಕೆ. ಕಿಂಗ್ಸ್ ನಾರ್ಟನ್ ಟಂಕಸಾಲೆಯ ‘ಕೆಎನ್’ 1918, 1919ರಲ್ಲಿ ಮಾತ್ರ. 1882ರದ್ದು ‘ಎಚ್’ ಇಲ್ಲದೆ ಸಿಕ್ಕರೆ ಬಹಳ ಅಪರೂಪ, ಆದ್ದರಿಂದಲೇ ‘ಎಚ್’ ಉಜ್ಜಿ ತೆಗೆದವು ಬರುತ್ತವೆ. ಇಸವಿಯ ಕೆಳಗೆ ಬದಿಬೆಳಕು ಬಿಟ್ಟು ಕುಳಿ ಹುಡುಕಿ.

ಯಾರೂ ಕೈ ಹಾಕದೆಯೇ ಬೆಲೆ ಬಾಳುವವು ಅಚ್ಚಿನ ಭೇದಗಳು. ಹುಡುಕಲು ಹಿತವೂ ಇವೇ, ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. 1895ರದ್ದು ಸಿಕ್ಕರೆ ಸ್ಕೇಲ್ ಇಟ್ಟು ತ್ರಿಶೂಲದಿಂದ ‘ಪೆನ್ನಿ’ ಪದದ ಮೊದಲ ಅಕ್ಷರಕ್ಕೆ ಅಂತರ ಅಳೆಯಿರಿ: 1 ಮಿ.ಮೀ. ಇದ್ದರೆ ಸಾಮಾನ್ಯ, 2 ಮಿ.ಮೀ. ಇದ್ದು ಹಿಂದೆ ಕಡಲೇ ಇಲ್ಲದಿದ್ದರೆ ಅಪರೂಪ. 1902ರ ಕೆಲವದರಲ್ಲಿ ಕಡಲಿನ ಗೆರೆ ಕೆಳಗಿದೆ, ನಮ್ಮ ಕಡೆಯವರಿಗೆ ಇಳಿತ ಎಂದರೆ ಬೇಗ ನೆನಪಿರುತ್ತದೆ. ಇನ್ನೊಂದು 1902ರ ಪಕ್ಕಕ್ಕಿಟ್ಟೇ ತೀರ್ಮಾನಿಸಿ. 1926ರಲ್ಲಿ ರಾಜನ ತಲೆಯನ್ನು ತುಸು ತಿದ್ದಿದರು. ಕತ್ತಿನ ಕೆಳ ಅಂಚಿನಲ್ಲಿ ಕಲಾವಿದನ ‘ಬಿಎಂ’ ಅಕ್ಷರಗಳು ಚುಕ್ಕಿಯಿಲ್ಲದೆ ಹಿಂಗತ್ತಿನ ಕಡೆಗೆ ಸರಿದಿದ್ದರೆ ಅದು ಆ ವರ್ಷದ ಅಪರೂಪದ್ದು.

ನಮ್ಮ 1939ರ ಬೆಳ್ಳಿ ರೂಪಾಯಿಗೂ ಇದೇ ಪರೀಕ್ಷೆ. 1938ರ 8ರ ಕೆಳ ಸುತ್ತನ್ನು ಎಡಗಡೆ ಕಡಿದರೆ 9 ಆಗುತ್ತದೆ. ಕಡಿದ ಜಾಗದಲ್ಲಿ ನೆಲ ನುಣುಪಾಗಿ ಉಳಿಯುವುದು ಕಷ್ಟ.

ಹುಣಸೆಹುಳಿ, ಬೂದಿ, ಪೀತಾಂಬರಿ ಪುಡಿ ಯಾವುದನ್ನೂ ಹಚ್ಚಬೇಡಿ. ಉಜ್ಜಿದ ಪೆನ್ನಿಯಲ್ಲಿ ಬಣ್ಣದ ವ್ಯತ್ಯಾಸ ಅಳಿಸಿಹೋಗುತ್ತದೆ, ಬೆಲೆಯೂ ಬಿದ್ದುಹೋಗುತ್ತದೆ. ಅಂಟಿಸಿದ ಅಂಕಿಯ ಅನುಮಾನ ಇದ್ದರೆ, ನಾಣ್ಯ ನಿಮ್ಮದೇ ಆಗಿದ್ದರೆ ಮಾತ್ರ, ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಕಿಟಕಿ ತೆರೆದು, ಬೆಂಕಿಯಿಂದ ದೂರ ಇಟ್ಟು ನೆನೆಸಿ. ಬಹಳಷ್ಟು ಅಂಟು ಬಿಟ್ಟುಕೊಳ್ಳುತ್ತದೆ, ಲೋಹಕ್ಕೆ ಏನೂ ಆಗದು. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಬಣ್ಣ ಬೆರೆತಿರುತ್ತದೆ. ಮಳೆಗಾಲದ ನಮ್ಮ ಕಡಲಗಾಳಿಗೆ ಕಂಚು ಬೇಗ ಕಿಲುಬು ಹಿಡಿಯುತ್ತದೆ; ಪಿವಿಸಿ ಲಕೋಟೆ ಬಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆರೆದು ಹಸಿರು ಚುಕ್ಕೆ ಎದ್ದಿದೆಯೇ ನೋಡಿ.